ಮೂವತ್ತು ಡಿಗ್ರಿಯ ಅಂಚು

ಕಾರಿನ ಛಾವಣಿ ಹಿಂದುಗಡೆ ಎಷ್ಟು ಇಳಿಜಾರಾಗಿ ಇಳಿಯಬೇಕು ಎಂಬುದನ್ನು ಮನುಷ್ಯರು ಗೀಚಿ, ಅಳಿಸಿ, ಜಗಳವಾಡಿ ತೀರ್ಮಾನಿಸುವ ಬದಲು ಗಾಳಿಗೇ ಬಿಟ್ಟುಕೊಟ್ಟರೆ ಹೇಗೆ? ಇಂಥದೊಂದು ತಲೆಹರಟೆ ಪ್ರಶ್ನೆ ದಾಕ್ಷಾಯಣಿ ಯಾದವಾಡಳ ತಲೆ ಹೊಕ್ಕು ಆರು ವರ್ಷವಾಗಿತ್ತು. ಆರು ವರ್ಷದಲ್ಲಿ ಜನ ಮದುವೆಯಾಗುತ್ತಾರೆ, ಮನೆ ಕಟ್ಟುತ್ತಾರೆ, ಮಕ್ಕಳನ್ನು ಶಾಲೆಗೆ ಸೇರಿಸುತ್ತಾರೆ. ದಾಕ್ಷಾಯಣಿ ಒಂದು ತೊಗಲು ಮಾಡಿದಳು.

ಪ್ರಯೋಗಾಲಯದವರು ಅದಕ್ಕಿಟ್ಟ ಹೆಸರೇ ತೊಗಲು. ಅಸಲಿಗೆ ಅದೊಂದು ಲೋಹದ ಹಾಳೆ. ಬಿಸಿ ತಾಗಿದರೆ ಬಾಗುತ್ತದೆ, ಆರಿದರೆ ಮತ್ತೆ ಚಾಚಿಕೊಳ್ಳುತ್ತದೆ. ಅದರ ಒಡಲ ತುಂಬ ಗಾಳಿಯ ಒತ್ತಡ ಅಳೆಯುವ ಸಾಸಿವೆ ಕಾಳಿನಷ್ಟು ಸಣ್ಣ ಸಾಧನಗಳು. ಕಾರಿನ ಬೆನ್ನಿಗೆ ಅದನ್ನು ಹೊದಿಸಿ, ಗಾಳಿಯ ಎಳೆತ ಕಡಿಮೆ ಮಾಡು ಎಂದು ಒಂದೇ ಒಂದು ಅಪ್ಪಣೆ ಕೊಟ್ಟರೆ ಸಾಕು. ತನ್ನ ಇಳಿಜಾರನ್ನು ತಾನೇ ಹೆಚ್ಚಿಸಿ, ತಗ್ಗಿಸಿ, ತಪ್ಪು ಮಾಡಿ, ತಿದ್ದಿಕೊಂಡು ಕೊನೆಗೆ ಅತಿ ಕಡಿಮೆ ಎಳೆತದ ಆಕಾರಕ್ಕೆ ಬಂದು ನಿಲ್ಲುತ್ತದೆ. ಹಾಗೆ ಹೊದಿಸಿದ ಮೊದಲ ಸ್ಪೋರ್ಟ್ಸ್ ಕಾರಿಗೆ 'ಗಿಡುಗ' ಎಂದು ಹೆಸರಿಟ್ಟಿದ್ದರು.

ನವಲಗುಂದದಾಚೆಯ ಎರೆಬಯಲಿನಲ್ಲಿ ಆ ಸಂಶೋಧನಾ ಕೇಂದ್ರ. ಒಂದು ಕಡೆ ಗಾಳಿ ಸುರಂಗ, ಇನ್ನೊಂದು ಕಡೆ ಕಣ್ಣು ಹಾಯುವವರೆಗೆ ನೆಟ್ಟಗೆ ಬಿದ್ದುಕೊಂಡ ಟ್ರ್ಯಾಕು. ಗಿಡುಗವನ್ನು ಓಡಿಸುವವಳು ದಾಕ್ಷಾಯಣಿಯ ಬೆನ್ನಿಗೆ ಬಿದ್ದ ತಂಗಿ ಇಂದುಮತಿ. ಇಬ್ಬರೂ ಲಾರಿ ಡ್ರೈವರ್ ಬಸಲಿಂಗಪ್ಪನ ಮಕ್ಕಳು. ಒಬ್ಬಳು ಅಪ್ಪನ ಲಾರಿಯ ಇಂಜಿನ್ ನೋಡುತ್ತ ಬೆಳೆದಳು, ಇನ್ನೊಬ್ಬಳು ಅವನ ಕಾಲು ನೋಡುತ್ತ ಬೆಳೆದಳು ಎಂದು ಅವ್ವ ಹೇಳುವುದುಂಟು.

ಸುರಂಗದ ನಿಯಂತ್ರಣ ಕೊಠಡಿಯಲ್ಲಿ ಇಂದುಮತಿ ಗಾಜಿಗೆ ಮೂಗು ಹಚ್ಚಿ ನಿಂತಿದ್ದಳು. ಒಳಗೆ ಗಿಡುಗದ ಮೇಲೆ ಹೊಗೆಯ ಬಿಳಿ ಎಳೆಗಳು ಹರಿಯುತ್ತಿದ್ದವು.

"ನೋಡಿಲ್ಲಿ," ಎಂದಳು ದಾಕ್ಷಾಯಣಿ. "ಇಳಿಜಾರು ಸಣ್ಣದಿದ್ರ ಗಾಳಿ ಬೆನ್ನಿಗೆ ಅಂಟಿಕೊಂಡು ಸುಮ್ನ ಇಳದು ಹೋಗ್ತೈತಿ. ಎಳೆತಾ ಕಡಿಮಿ. ಆದ್ರ ಅದಕ್ಕ ಮಾರುದ್ದ ಬಾಲ ಬೇಕು. ನಮ್ಮ ಗಾಡಿಗೆ ಅಷ್ಟು ಬಾಲ ಎಲ್ಲಿಂದ ತರೂದು? ಇಳಿಜಾರು ಜಾಸ್ತಿ ಮಾಡಿದ್ರ ಎರಡೂ ಭುಜದಾಗ ಸುಳಿ ಹುಟ್ಟತಾವು. ಆ ಸುಳಿ ಗಾಡೀನ ಹಿಂದಕ್ಕ ಜಗ್ತಾವು, ಬಾಲಾನ ಮ್ಯಾಲಕ್ಕ ಎತ್ತತಾವು. ಮೂವತ್ತು ಡಿಗ್ರಿ ಹತ್ರ ಬಂದಂಗ ಭಾಳ ಕೆಟ್ಟ."

"ಆಮ್ಯಾಲ?"

"ಮೂವತ್ತು ದಾಟಿತು ಅಂದ್ರ ಗಾಳಿ ಬೆನ್ನು ಬಿಟ್ಟ ಬಿಡ್ತೈತಿ. ಸುಳಿ ಸಾಯ್ತಾವು. ಎಳೆತ ದಪ್ಪಂತ ಬೀಳ್ತೈತಿ, ಬಾಲ ಗಪ್ಪಂತ ಕೂಡ್ತೈತಿ."

"ಬಿಟ್ಟ ಮ್ಯಾಲ ಕಡಿಮಿ? ಉಲ್ಟಾ ಅಲ್ಲೇನ?"

"ಉಲ್ಟಾನ. ಅದಕ್ಕ ನನಗ ಪಗಾರ ಕೊಡೂದು."

ಇಂದುಮತಿ ನಕ್ಕಳು. ಪರದೆಯ ಮೇಲೆ ತೊಗಲು ತನ್ನ ಆಕಾರ ಹುಡುಕಿಕೊಂಡು ನಿಂತಿತ್ತು. ಮೂವತ್ತರ ಅಂಚು ದಾಟಿ ಆಚೆಗೆ ಕೂದಲೆಳೆಯಷ್ಟು, ಅಷ್ಟೇ. ಇನ್ನೂ ಆಚೆ ಹೋದರೆ ಕಾರಿನ ಹಿಂದೆ ಬೀಳುವ ಗಾಳಿಯ ಹಳ್ಳ ದೊಡ್ಡದಾಗುತ್ತದೆ, ಈಚೆ ಬಂದರೆ ಸುಳಿಗಳು ಹಿಡಿಯುತ್ತವೆ. ಅಪ್ಪಣೆ ಪಾಲಿಸುವ ಯಂತ್ರ ನಿಲ್ಲಬೇಕಾದದ್ದೇ ಅಲ್ಲಿ. ಯಾವ ಇಂಜಿನಿಯರನೂ ಅಷ್ಟು ಧೈರ್ಯವಾಗಿ ಅಂಚಿನಲ್ಲಿ ಗೆರೆ ಎಳೆಯುತ್ತಿರಲಿಲ್ಲ. ತೊಗಲಿಗೆ ಧೈರ್ಯವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

"ಅಲ್ಲಬೇ ಅಕ್ಕಾ, ಕೂದಲೆಳಿಯಷ್ಟು ಅಂತರ ಸಾಕಾಗ್ತೈತಿ?"

"ಸುರಂಗದಾಗ ಒಂದ ಸಲನೂ ಬಿಟ್ಟ ಗಾಳಿ ಹೊಳ್ಳಿ ಬೆನ್ನಿಗೆ ಅಂಟಿಲ್ಲ. ಎಷ್ಟು ಸಲ ನೋಡೀನಿ ಅಂತಿ!"

ನೋಡಿದ್ದು ಸುಳ್ಳಲ್ಲ. ದಾಕ್ಷಾಯಣಿಯಷ್ಟು ಕಟ್ಟುನಿಟ್ಟಿನ ಹೆಂಗಸು ಆ ಕೇಂದ್ರದಲ್ಲಿ ಇನ್ನೊಬ್ಬಳಿರಲಿಲ್ಲ. ಕಾರಿನ ಮೇಲೆ ಯಾರದಾದರೂ ಬೆರಳಚ್ಚು ಬಿದ್ದಿದ್ದರೆ ಫ್ಯಾನು ಶುರು ಮಾಡಗೊಡುತ್ತಿರಲಿಲ್ಲ. ಬಾಗಿಲ ರಬ್ಬರು ಒಂದಿಷ್ಟು ಎದ್ದಿದ್ದರೆ ಇಡೀ ದಿನದ ಅಳತೆಯನ್ನು ಎಸೆಯುತ್ತಿದ್ದಳು. ಎಲ್ಲ ಮುಗಿದು ಫ್ಯಾನು ಹಚ್ಚುವ ಮುಂಚೆ, ದಿನಾ ಬೆಳಿಗ್ಗೆ, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮುಂದಿನ ಗಾಜಿನ ಮೇಲ್ಗಡೆ ಛಾವಣಿ ಶುರುವಾಗುವಲ್ಲಿ, ಈ ಅಂಚಿನಿಂದ ಆ ಅಂಚಿನವರೆಗೆ ಮೂರು ಪಟ್ಟಿ ಎಳೆಯುತ್ತಿದ್ದಳು. ಅಪ್ಪ ಲಾರಿಯ ಹಣೆಗೆ ಹಾಗೇ ಎಳೆಯುತ್ತಿದ್ದ. ಹಳೆಯ ಪಟ್ಟಿಯ ಮೇಲೆ ಹೊಸ ಪಟ್ಟಿ. ಸುರಂಗದಲ್ಲಿದ್ದಾಗ ಅದನ್ನು ಒರೆಸುವುದು ಅವಳಿಗೂ ಹೊಳೆದಿರಲಿಲ್ಲ, ಒರೆಸಿ ಎನ್ನುವ ಧೈರ್ಯ ಉಳಿದವರಿಗೂ ಇರಲಿಲ್ಲ. ತಿಂಗಳುಗಟ್ಟಲೆ ಕೂತು ಅದು ರಾಗಿ ಕಾಳಿನಷ್ಟು ದಪ್ಪಗೆ, ಒರಟಾಗಿ ಗಟ್ಟಿಯಾಗಿತ್ತು. ಬೆರಳಚ್ಚನ್ನೂ ಬಿಡದ ಹೆಂಗಸಿನ ಕಣ್ಣಿಗೆ ಅದು ಕಾರಿನ ಮೇಲಿರುವ ವಸ್ತುವಾಗಿ ಕಂಡೇ ಇರಲಿಲ್ಲ.

ಪ್ರದರ್ಶನದ ಓಟಕ್ಕೆ ಮುಂಚಿನ ಸಂಜೆ ಮನೆಯಲ್ಲಿ ಅವ್ವ ಇಬ್ಬರ ತಾಟಿಗೂ ರೊಟ್ಟಿ ಹಾಕಿ, ಬದನೆಕಾಯಿ ಎಣ್ಣೆಗಾಯಿ ಬಡಿಸುತ್ತಿದ್ದಳು. ಇಂದುಮತಿ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು.

"ಅಕ್ಕಾ, ಮೊನ್ನಿ ಟ್ರ್ಯಾಕಿನ್ಯಾಗ ಓಡಸಿದಾಗ ಬಾಲ ಹಗುರ ಅನಸ್ತು."

"ಯಾವಾಗ?"

"ಎರಡನೂರಾ ನಲವತ್ತರ ಮ್ಯಾಲ. ಕಣ್ಣು ಮಿಟುಕಸೂದ್ರಾಗ ಬಂತು, ಹೋತು. ಯಾರೋ ಹಿಂದಿಂದ ಗಾಡೀನ ಎತ್ತಿ ಇಟ್ಟಂಗ."

"ಅದು ಟ್ರ್ಯಾಕಲೇ. ಎರಿಭೂಮಿ, ಮಳಿ ಬಂದು ಉಬ್ಬೈತಿ. ಅಲ್ಲಲ್ಲಿ ಡುಬ್ಬ ಎದ್ದಾವು."

"ಡುಬ್ಬ ಹಾದ್ರ ಕುಂಡಿಗೆ ಗೊತ್ತಾಗ್ತೈತಿ. ಇದು ಡುಬ್ಬ ಅಲ್ಲ."

"ಹಿಂದಿನ ಗಾಲಿ ಮ್ಯಾಲಿನ ಭಾರದ ಗೆರಿ ನಾ ನೋಡೀನಿ. ಒಂಚೂರು ಹೊಯ್ದಾಡೇತಿ, ಅಷ್ಟ. ನಿನ್ನ ಕುಂಡೀ ಮಾತು ಕೇಳ್ಲೋ, ಅಂಕೀ ಮಾತು ಕೇಳ್ಲೋ?"

ಮಾತು ಚೂಪಾಗಿ ಬಂತು. ಅವಳಿಗೂ ಒಳಗೊಳಗೆ ಹೆದರಿಕೆಯಿತ್ತು. ಹೆದರಿದಾಗ ಅವಳ ಬಾಯಿ ಹಾಗೇ. ಇಂದುಮತಿ ತಲೆ ಬಗ್ಗಿಸಿ ಉಣ್ಣತೊಡಗಿದಳು. ಅವ್ವ ಸೌಟನ್ನು ಪಾತ್ರೆಯೊಳಕ್ಕೆ ಧಡ್ಡನೆ ಬಿಟ್ಟಳು.

"ದಾಕ್ಷೀ, ಆಕಿ ಹೇಳೂದು ಒಂದೀಟು ಕಿವಿಮ್ಯಾಲ ಹಾಕ್ಕೋ. ಒಳಗ ಕೂಡಾಕಿ ಆಕಿ, ನೀ ಅಲ್ಲ."

"ಹಾಕ್ಕೊಂಡೀನಿ ಬಿಡಬೇ ಯವ್ವಾ," ಎಂದಳು ದಾಕ್ಷಾಯಣಿ. ಹಾಕಿಕೊಂಡಿರಲಿಲ್ಲ.

ಮರುದಿನ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ತೊಗಲನ್ನು ಕೊಳ್ಳುವ ಕಾರು ಕಂಪನಿಯವರು ಆರೇಳು ಜನ ಬಂದಿದ್ದರು. ಕೇಂದ್ರದ ನಿರ್ದೇಶಕ ಪರ್ವತೀಕರ ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲದೆ ಓಡಾಡುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ, ಆದರೆ ಅತಿಥಿಗಳು ಬಂದರೆಂದರೆ ಮದುವೆಮನೆಯ ಯಜಮಾನರಾಗಿಬಿಡುತ್ತಿದ್ದರು. ಗಿಡುಗವನ್ನು ತೊಳೆಸಿ, ಮೇಣ ಹಚ್ಚಿ ತಿಕ್ಕಿಸಿ ಕನ್ನಡಿ ಮಾಡಿ ನಿಲ್ಲಿಸಿದ್ದರು. ದಾಕ್ಷಾಯಣಿ ವಿಭೂತಿಯ ಬಟ್ಟಲು ಹಿಡಿದು ಹತ್ತಿರ ಹೋದಾಗ ಅಡ್ಡ ಬಂದರು.

"ಇವತ್ತೊಂದಿನ ಬ್ಯಾಡ್ರಿ ದಾಕ್ಷಾಯಣಿ. ಫೋಟೋ ತಗೀಲಿಕ್ಕೆ ಹತ್ಯಾರ. ಮೊನ್ನೆ ಟ್ರ್ಯಾಕಿಗೆ ಇಳಸೂ ಮುಂದೂ ತೊಳದಿದ್ವಿ, ಏನಾತು? ದೇವರೇನು ಸಿಟ್ಟಾಗಂಗಿಲ್ಲ."

ಹೌದಲ್ಲ ಎಂದುಕೊಂಡು ಅವಳು ಬಟ್ಟಲನ್ನು ನಿಯಂತ್ರಣ ಕೊಠಡಿಗೆ ತಂದು ಮೇಜಿನ ಮೇಲಿಟ್ಟಳು. ಮನಸ್ಸಿಗೆ ಒಂದಿಷ್ಟು ಕಸಿವಿಸಿಯಾಯಿತು. ಅದನ್ನು ಹಳೆಯ ರೂಢಿ ತಪ್ಪಿದ ಕಸಿವಿಸಿ ಎಂದೇ ತಿಳಿದಳು.

ಗಿಡುಗ ಹೊರಟಿತು. ಪರದೆಯ ಮೇಲೆ ನಾಲ್ಕು ಗೆರೆ: ವೇಗ, ಎಳೆತ, ತೊಗಲಿನ ಕೋನ, ಹಿಂದಿನ ಗಾಲಿಗಳ ಮೇಲಿನ ಭಾರ. ಪರ್ವತೀಕರ ಅವಳ ಕುರ್ಚಿಯ ಹಿಂದೆ ನಿಂತಿದ್ದರು. ಅತಿಥಿಗಳಿಗೆ ಶಾಮಿಯಾನದಲ್ಲಿ ದೊಡ್ಡ ಪರದೆಯಿತ್ತು.

ನೂರೈವತ್ತು, ಇನ್ನೂರು. ಎಲ್ಲ ಸರಿಯಿತ್ತು. ಇನ್ನೂರಾ ಮೂವತ್ತು ದಾಟಿದಾಗ ಎಳೆತದ ಗೆರೆ ಇಳಿಯುವ ಬದಲು ಮೇಲಕ್ಕೆದ್ದಿತು. ತೊಗಲಿನ ಕೋನ ಇಪ್ಪತ್ತೊಂಬತ್ತು, ಮೂವತ್ತೊಂದು, ಮತ್ತೆ ಇಪ್ಪತ್ತೊಂಬತ್ತು ಎಂದು ತಡಕಾಡತೊಡಗಿತು. ಕತ್ತಲೆ ಮನೆಯಲ್ಲಿ ಬೆಂಕಿಪೆಟ್ಟಿಗೆ ಹುಡುಕುವವರ ಕೈಯ ಹಾಗೆ. ಹಿಂದಿನ ಗಾಲಿಗಳ ಭಾರ ಇಳಿಯುತ್ತಿತ್ತು.

"ಅಂಟೇತಿ," ಎಂದಳು ದಾಕ್ಷಾಯಣಿ. "ಗಾಳಿ ಹೊಳ್ಳಿ ಅಂಟೇತಿ."

"ಸುರಂಗದೊಳಗ ಒಮ್ಮೆನೂ ಹಿಂಗಾಗಿಲ್ಲಲ್ರಿ?"

"ಆಗಿಲ್ರಿ ಸರ. ಅದ ಗಾಡಿ, ಅದ ತೊಗಲು, ಏನ ಬದಲಾತು?"

ಬದಲಾದದ್ದು ಮೇಜಿನ ಮೇಲೆ ಬಟ್ಟಲಲ್ಲಿ ಕೂತಿತ್ತು. ಈಗ ಅದು ಅವಳ ಕಣ್ಣಿಗೆ ಬಿತ್ತು. ಛಾವಣಿಯ ಮುಂದಂಚಿನಲ್ಲಿ ರಾಗಿ ಕಾಳಿನಷ್ಟು ದಪ್ಪದ ಒರಟು ಪಟ್ಟಿ. ಅದನ್ನು ದಾಟಿ ಬರುವ ಗಾಳಿ ಅಲ್ಲೇ ಸುಸ್ತಾಗಿ, ಹಿಂದಿನ ಇಳಿಜಾರಿಗೆ ಬರುವಷ್ಟರಲ್ಲಿ ಅಂಟಿಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತಿತ್ತು. ಬೇಗ ಬೆನ್ನು ಬಿಡುತ್ತಿತ್ತು. ತೊಗಲು ಪಾಠ ಕಲಿತದ್ದು ಅಂಥ ಸುಸ್ತಾದ ಗಾಳಿಯಿಂದ. ಇವತ್ತು ಕನ್ನಡಿಯಂಥ ಛಾವಣಿಯ ಮೇಲೆ ಹುರುಪಿನ ಗಾಳಿ ಜಾರಿ ಬರುತ್ತಿತ್ತು. ಅದು ಮೂವತ್ತರ ಅಂಚಿನಲ್ಲೂ ಬೆನ್ನು ಬಿಡದೆ ಹಿಡಿದುಕೊಂಡಿತ್ತು, ಭುಜಗಳಲ್ಲಿ ಸುಳಿ ಎಬ್ಬಿಸಿ ಬಾಲವನ್ನು ನೆಲದಿಂದ ಕೀಳುತ್ತಿತ್ತು. ಮೊನ್ನೆಯೂ ಕಾರು ತೊಳೆದಿದ್ದರು. ನಿನ್ನೆ ಇಂದುಮತಿ ಹೇಳಿದ್ದು ಖರೇ ಇತ್ತು. ಆರು ವರ್ಷ ಅಳೆದೂ ಅಳೆದೂ, ನನ್ನ ಮೂರು ಬೆರಳನ್ನೇ ಅಳೆಯಲಿಲ್ಲವಲ್ಲ, ಹಾಳಾಗಿ ಹೋಗಲಿ ನನ್ನ ಓದು!

ರೇಡಿಯೋ ಕರಕರ ಎಂದಿತು. "ಅಕ್ಕಾ, ಬಾಲ ನನ್ನ ಕೈಯಾಗಿಲ್ಲ."

"ಗೊತ್ತಾತು. ಕಾಲು ತಗೀಬ್ಯಾಡ. ಕೇಳಸ್ತಿಲ್ಲೋ? ಬ್ರೇಕ್ ಮುಟ್ಟಬ್ಯಾಡ, ಕಾಲೂ ತಗೀಬ್ಯಾಡ. ತಗದ್ರ ಭಾರ ಎಲ್ಲಾ ಮುಂದ ಬಂದು ಹಿಂದಿಂದು ಎದ್ದ ಬಿಡ್ತೈತಿ. ಹಂಗ ಹಿಡಕೊಂಡಿರು."

"ಹಿಡಕೊಂಡೀನಿ. ಮುಂದ ತಿರುವು ಐತಿ."

ಟ್ರ್ಯಾಕಿನ ಕೊನೆಯ ತಿರುವು ದೂರವಿರಲಿಲ್ಲ. ಪರ್ವತೀಕರ ಬಗ್ಗಿ ಪಿಸುಗುಟ್ಟಿದರು: "ತೊಗಲಿಗೆ ಇಲ್ಲಿಂದನ ಹೇಳ್ರಿ, ಮೂವತ್ತೈದಕ್ಕ ಏರಸು ಅಂತ."

"ಏರಸಾಕ ಅದು ಬಿಸಿ ಆಗಬೇಕ್ರಿ ಸರ. ಬಿಸಲು ಬಲಗಡಿ ಬಿದ್ದೈತಿ. ಬಲಭುಜ ಮೊದಲು ಏರಿ, ಎಡಭುಜ ಆಮ್ಯಾಲ ಏರಿದ್ರ? ಒಂದ ಕಡಿ ಸುಳಿ ಸತ್ತು ಇನ್ನೊಂದು ಕಡಿ ಉಳದ್ರ ಗಾಡಿ ಬುಗುರಿ ಆಗ್ತೈತಿ."

ಎರಡೂ ಸುಳಿಗಳು ಒಟ್ಟಿಗೆ ಸಾಯಬೇಕು. ಒಟ್ಟಿಗೆ, ಈಗಲೇ. ಅವಳು ಕಣ್ಣು ಮುಚ್ಚಿದಳು. ಹಿಂದೊಮ್ಮೆ ಯಾರೋ ಕಾರಿನ ಕಿಟಕಿ ಇಳಿಸಿಟ್ಟು ಮರೆತು ಫ್ಯಾನು ಹಚ್ಚಿದ್ದರು. ಕಿಟಕಿಯಿಂದ ಉಗಿದು ಬಂದ ಹರಕುಮುರುಕು ಗಾಳಿ ಭುಜಕ್ಕೆ ಬಡಿದು, ಹೊಗೆಯ ಸುಳಿಯೆಲ್ಲ ಚೆಲ್ಲಾಪಿಲ್ಲಿಯಾಗಿತ್ತು. ಅವತ್ತು ಅವಳು ಅಳತೆ ಕೆಡಿಸಿದಿರೆಂದು ಅವರ ಮೇಲೆ ರೇಗಾಡಿದ್ದಳು.

"ಇಂದೂ, ಎರಡೂ ಕಿಟಕಿ ಇಳಸು. ಎರಡೂ ಒಟ್ಟಿಗೆ. ಒಂದು ಮೊದಲು, ಒಂದು ಆಮ್ಯಾಲ ಮಾಡಬ್ಯಾಡ."

"ಕಿಟಕಿ? ಈಗ?"

"ಹೂಂ, ಈಗ. ಎರಡು ಬೊಟ್ಟು ಎರಡು ಗುಂಡಿ ಮ್ಯಾಲ ಇಡು. ಇಟ್ಟಿ?"

"ಗೇರಿನ ಬಾಜೂಕ ಅದಾವು. ಸ್ಟೇರಿಂಗ್‌ದಾಗಿಂದ ಒಂದು ಕೈ ತಗೀಬೇಕು."

"ತಗಿ."

ಆಚೆಯಿಂದ ಉಸಿರಿನ ಸದ್ದು ಮಾತ್ರ ಬರುತ್ತಿತ್ತು. ನಿನ್ನೆ ತನ್ನ ಮಾತನ್ನು ತಳ್ಳಿಹಾಕಿದವಳು ಇವತ್ತು ಇಂಥ ವೇಗದಲ್ಲಿ ಕೈ ಬಿಡು ಎನ್ನುತ್ತಿದ್ದಾಳೆ. ಇಂದುಮತಿ ಯಾಕೆ ಕೇಳಬೇಕು? ದಾಕ್ಷಾಯಣಿಗೆ ಅದು ಅರ್ಥವಾಯಿತು. ಮೈಕಿಗೆ ಬಾಯಿ ಹತ್ತಿರ ತಂದಳು.

"ಇಂದೂ, ನಿನ್ನಿ ನೀ ಹೇಳಿದ್ದು ಖರೇ ಇತ್ತು. ತಪ್ಪು ನಂದು. ಈಗ ಒಂದ ಸಲ ನನ್ನ ಮಾತು ಕೇಳ. ನಿನ್ನ ಕಾಲಿಗೆ ಬೀಳ್ತೀನಿ, ಒತ್ತವಾ."

ಮರುಕ್ಷಣ ರೇಡಿಯೋದಲ್ಲಿ ಗಾಳಿ ಭೋರ್ಗರೆಯಿತು. ಇಂದುಮತಿಯ ಉಸಿರೂ ಅದರಲ್ಲಿ ಮುಳುಗಿಹೋಯಿತು. ದಾಕ್ಷಾಯಣಿ ಎದ್ದು ನಿಂತಿದ್ದಳು. ಪರದೆಯ ಮೇಲೆ ಭಾರದ ಗೆರೆ ಇನ್ನಷ್ಟು ಕೆಳಗೆ ಕುಸಿಯಿತು. ಪರ್ವತೀಕರ "ರಾಮಾ" ಎಂದರು. ಗೆರೆ ತಳದಲ್ಲಿ ನಡುಗುತ್ತ ನಿಂತು, ಆಮೇಲೆ ಒಮ್ಮೆಲೇ ಜಿಗಿದು ಮೇಲಕ್ಕೆ ಬಂತು. ಎಳೆತ ದಪ್ಪನೆ ಬಿತ್ತು. ಸುಳಿ ಎರಡೂ ಸತ್ತಿದ್ದವು.

"ಈಗ ಕಾಲು ತಗಿ. ಸಾವಕಾಶ. ಸಾವಕಾಶ ತಗಿ," ಎಂದು ಅವಳು ಕೂಗುತ್ತಲೇ ಇದ್ದಳು. ಆ ಗದ್ದಲದಲ್ಲಿ ಇಂದುಮತಿಗೆ ಕೇಳಿಸಿತೋ ಇಲ್ಲವೋ. ಕೇಳಿಸಬೇಕಾಗಿಯೂ ಇರಲಿಲ್ಲ. ಬಾಲ ಕೂತದ್ದು ಅವಳಿಗೆ ಎಲ್ಲರಿಗಿಂತ ಮೊದಲು ಗೊತ್ತಾಗಿತ್ತು. ಗಿಡುಗ ತಿರುವಿಗೆ ಮುಂಚೆ ವೇಗ ಕಳೆದುಕೊಂಡು, ಅಡ್ಡ ಹಾಯ್ದು, ಅಂಚಿನ ಎರೆಮಣ್ಣಿಗೆ ಒಂದು ಗಾಲಿ ಇಳಿಸಿ ನಿಂತಿತು.

ಶಾಮಿಯಾನದಲ್ಲಿ ಚಪ್ಪಾಳೆ ಬಿತ್ತು. ಅತಿಥಿಗಳು ಇದನ್ನೂ ಪ್ರದರ್ಶನದ ಭಾಗವೆಂದೇ ತಿಳಿದಿದ್ದರು! ಕೊನೆಗೆ ಎಳೆತ ಹಾಗೆ ಬಿದ್ದದ್ದನ್ನು ದೊಡ್ಡ ಪರದೆಯ ಮೇಲೆ ಕಂಡು ಅವರಿಗೆ ಖುಷಿಯೋ ಖುಷಿ. ವಿಭೂತಿ ಪಟ್ಟಿ ಮಾಡಿದ ಎಡವಟ್ಟನ್ನು ದಾಕ್ಷಾಯಣಿ ಎರಡೇ ಮಾತಿನಲ್ಲಿ ಹೇಳಿದಾಗ ಪರ್ವತೀಕರ ಹಣೆಯ ಬೆವರು ಒರೆಸಿಕೊಂಡರು. ಮುಖಕ್ಕೆ ಮರಳಿ ಕಳೆ ಬರುತ್ತಿತ್ತು.

"ಒಂದು ಕೆಲಸಾ ಮಾಡೋಣ್ರಿ," ಎಂದರು. "ಆ ವಿಭೂತಿ ಹಚ್ಚಿಬಿಡ್ರಿ. ಎಷ್ಟು ಬೇಕಷ್ಟು ಹಚ್ಚರಿ, ನಾ ಬ್ಯಾಡ ಅನ್ನಂಗಿಲ್ಲ. ಮತ್ತೊಂದು ಓಟ ಸರಿಯಾಗಿ ತೋರಸೋಣ. ಅವರು ಇವತ್ತ ಸಹಿ ಮಾಡ್ತಾರ."

ದಾಕ್ಷಾಯಣಿ ಅವರ ಮುಖ ನೋಡಿದಳು. ಆ ಮಾತಿನಲ್ಲಿ ತರ್ಕವಿತ್ತು. ಪಟ್ಟಿ ಎಳೆದರೆ ಗಿಡುಗ ಸುರಂಗದಲ್ಲಿ ಓಡಿದಂತೆಯೇ ಓಡುತ್ತದೆ. ಆರು ವರ್ಷದ ದುಡಿಮೆ ಒಂದು ಬೆರಳಿನ ಗೀರಿನಲ್ಲಿ ಉಳಿಯುತ್ತದೆ.

"ಒಂದು ಪಟ್ಟಿ ಅಳಿಸಿದ್ರ ಜೀವ ಹೋಗೂ ಗಾಡಿ ಯಾರಿಗೂ ಮಾರಾಕ ಬರೂದಿಲ್ರಿ ಸರ," ಎಂದಳು. "ತೊಗಲಿಂದೇನೂ ತಪ್ಪಿಲ್ಲ. ಎಳೆತ ಕಡಿಮಿ ಮಾಡು ಅಂದ್ವಿ, ಮಾಡ್ತು. ಒಳಗ ಮನಶ್ಯಾರು ಅದಾರ ಅಂತ ನಾವು ಅದಕ್ಕ ಹೇಳಲೇ ಇಲ್ಲ."

ಅಷ್ಟು ಹೇಳಿ ಅವಳು ಹೊಸ ಅಪ್ಪಣೆ ಬರೆಯಲು ಕೂತಳು. ಹಿಂದಿನ ಗಾಲಿಗಳ ಭಾರ ಇಷ್ಟಕ್ಕಿಂತ ಕಡಿಮೆಯಾಗಕೂಡದು, ಗಾಳಿ ಸುಸ್ತಾಗಿರಲಿ ಹುರುಪಾಗಿರಲಿ. ಎಳೆತದ ಮಾತು ಆಮೇಲೆ. ತೊಗಲು ಒಂದಿಷ್ಟು ಹೊತ್ತು ಲೆಕ್ಕ ಹಾಕಿ ಉತ್ತರ ಕೊಟ್ಟಿತು. ಅಂಚಿನಿಂದ ಬಹಳ ಆಚೆ, ಮೂವತ್ತಾರು ಡಿಗ್ರಿ. ಗಾಳಿ ಯಾವ ಕಾರಣಕ್ಕೂ ಮರಳಿ ಅಂಟಲಾರದ ಇಳಿಜಾರು. ಎಳೆತ ಎಷ್ಟೆಂದು ನೋಡಿದರೆ, ಮಾರುಕಟ್ಟೆಯಲ್ಲಿ ಸಿಗುವ ಸಾಧಾರಣ ಕಾರಿಗಿಂತ ಒಂದಿಷ್ಟು ಕಡಿಮೆ, ಅಷ್ಟೇ.

ಅವಳು ಶಾಮಿಯಾನಕ್ಕೆ ಹೋಗಿ ಅದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದಳು. ವಿಭೂತಿಯ ವಿಷಯವನ್ನೂ ಹೇಳಿದಳು. ಕಂಪನಿಯವರಲ್ಲಿ ಒಬ್ಬ ನಕ್ಕ, ಇನ್ನೊಬ್ಬ ಕೈಗಡಿಯಾರ ನೋಡಿಕೊಂಡ. ಹಿರಿಯರೊಬ್ಬರು ಮಾತ್ರ, "ಹಾಗಾದರೆ ನಾವು ಕೊಳ್ಳುವುದಾದರೂ ಏನನ್ನು?" ಎಂದು ಕೇಳಿದರು. ಸದ್ಯಕ್ಕೆ ಏನೂ ಇಲ್ಲ ಎಂದಳು. ಪರ್ವತೀಕರ ನೆಲ ನೋಡುತ್ತ ನಿಂತಿದ್ದರು. ಅವರನ್ನು ಕಂಡು ಅವಳಿಗೆ ಅಯ್ಯೋ ಅನಿಸಿತು.

ಇಂದುಮತಿ ಕಾರಿನ ನೆರಳಿನಲ್ಲಿ ನೆಲಕ್ಕೆ ಕೂತು ಬಾಟಲಿಯ ನೀರನ್ನು ತಲೆಗೆ ಸುರಿದುಕೊಳ್ಳುತ್ತಿದ್ದಳು. ದಾಕ್ಷಾಯಣಿ ಎದುರಿಗೆ ಬಂದು ನಿಂತಳು. ಅಳು ಬಂತು.

"ಅಳಬ್ಯಾಡ ಸುಮ್ನಿರು, ಎಲ್ಲಾರೂ ನೋಡಾಕತ್ತಾರ," ಎಂದಳು ಇಂದುಮತಿ. ಆಮೇಲೆ, "ಹೊಸಾ ಆಕಾರ ಹಾಕೀಯೇನ?" ಎಂದು ಕೇಳಿದಳು.

"ಹಾಕೀನಿ. ಯಾರೂ ಕೊಳ್ಳಂಗಿಲ್ಲ ಇದನ್ನ."

"ಕೊಳ್ಳೂದು ಬಿಡು. ಹಿಂದಿಂದು ಕೂಡ್ತೈತೋ ಇಲ್ಲೋ?"

"ಕೂಡಬೇಕು. ಲೆಕ್ಕ ಹಂಗ ಹೇಳ್ತೈತಿ."

"ಲೆಕ್ಕ!" ಇಂದುಮತಿ ಎದ್ದು ಬಾಗಿಲು ತೆರೆದಳು. ಡ್ರೈವರ್ ಕಡೆಯದನ್ನಲ್ಲ, ಅದರ ಬಾಜೂಕಿನದನ್ನು. "ಇನ್ನ ಮುಂದ ನಾ ಈ ಗಾಡಿ ಓಡಸಬೇಕಂದ್ರ ನೀ ಇಲ್ಲಿ ಕೂಡಬೇಕು. ಬಾ."

ಆರು ವರ್ಷದಲ್ಲಿ ದಾಕ್ಷಾಯಣಿ ಗಿಡುಗದೊಳಗೆ ಒಮ್ಮೆಯೂ ಕೂತಿರಲಿಲ್ಲ. ಕೂರಬೇಕೆಂದು ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಮೊಣಕಾಲು ಮಡಿಸಿ ಒಳಗೆ ತೂರಿದಳು. ಬೆಲ್ಟು ಹಾಕಿಕೊಳ್ಳಲು ಬರದೆ ತಂಗಿಯೇ ಬಗ್ಗಿ ಹಾಕಬೇಕಾಯಿತು. ಪರ್ವತೀಕರ ದೂರದಿಂದ ಕೈ ಬೀಸಿ ಏನೋ ಕೂಗುತ್ತ ಓಡಿ ಬರುತ್ತಿದ್ದರು. ಅವರು ಮುಟ್ಟುವಷ್ಟರಲ್ಲಿ ಕಾರು ಹೊರಳಿ ಟ್ರ್ಯಾಕಿಗೆ ಬಿದ್ದಿತ್ತು.

ಬಯಲು ಎರಡೂ ಕಡೆಯಿಂದ ಹರಿದು ಬರತೊಡಗಿತು. ಪರದೆಯಲ್ಲಿ ನೋಡಿದರೆ ವೇಗವೆಂಬುದು ಬರೀ ಗೆರೆ. ಇಲ್ಲಿ ಅದು ಎದೆಯ ಮೇಲೆ ಕೂತು ಒತ್ತುತ್ತಿತ್ತು, ಕಿವಿಯಲ್ಲಿ ಕಿರುಚುತ್ತಿತ್ತು. ಇನ್ನೂರು ದಾಟಿತು. ದಾಕ್ಷಾಯಣಿ ಬಾಗಿಲ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

"ಇನ್ನೂರಾ ಮೂವತ್ತು," ಎಂದಳು ಇಂದುಮತಿ. "ಹಿಂದ ಹೆಂಗನಸ್ತೈತಿ? ನೋಡಿ ಹೇಳ."

ನೋಡಲು ಏನೂ ಇರಲಿಲ್ಲ. ಭಾರದ ಗೆರೆ ಕೊಠಡಿಯಲ್ಲೇ ಉಳಿದಿತ್ತು. ದಾಕ್ಷಾಯಣಿ ಕಣ್ಣು ಮುಚ್ಚಿದಳು. ಮೊದಲಿಗೆ ಹೆದರಿಕೆಯ ಹೊರತು ಇನ್ನೇನೂ ತಿಳಿಯಲಿಲ್ಲ. ಆಮೇಲೆ ನಿಧಾನವಾಗಿ, ಸೀಟಿನ ಕೆಳಗಿನಿಂದ, ಬೆನ್ನಿನ ಬುಡದಿಂದ, ಗಾಲಿಗಳು ನೆಲವನ್ನು ಕಚ್ಚಿ ಉರುಳುವ ಒಂದೇ ಸಮನಾದ ಗುಡುಗುಡು ಮೈಗೆ ಹತ್ತಿತು.

"ತಡಿ," ಎಂದಳು. "ತಡಿ... ಕೂತೈತಿ."

"ಖರೇನ?"

"ಖರೇನ. ಒತ್ತು."

ಇಂದುಮತಿ ಒತ್ತಿದಳು.